ಬೋಬನ್‌ಗೆ ಇನ್ನೊಂದೈದು ನಿಮಿಷ ಕೊಡಿ ಸ್ವಾಮಿ

ಅಲ್ಲ ಕೋಚ್ ಸಾಹೇಬರೇ, ಅವನನ್ನ ಇನ್ನೊಂದೈದು ನಿಮಿಷ ಅಂಗಳದಲ್ಲಿ ಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?

ಎನ್‌ಬಿಎ ಬಾಸ್ಕೆಟ್‌ಬಾಲ್ ನೋಡುವ ಚಟ ಹತ್ತಿಸಿಕೊಂಡವರೆಲ್ಲ ಟೀವಿಗೆ ಈ ಪ್ರಶ್ನೆ ಹಾಕಿಯೇ ಹಾಕಿರ್ತಾರೆ. ಅಮೆರಿಕದ ರಾತ್ರಿ ಪಂದ್ಯ ನಮ್ಮ ಬೆಂಗಳೂರಿಗೆ ಬರೋದು ಹಾಲಿನವನು ಬರೋ ಹೊತ್ತಿಗೆ. ಹಲ್ಲುಜ್ಜುವ ಮುಂಚೆಯೇ ಕೋಚ್‌ಗೆ ಬೈಯುವ ಸೌಭಾಗ್ಯ ನಮ್ಮದು. ಆ ಬೈಗುಳದಲ್ಲಿ ದೊಡ್ಡ ಪಾಲು ಬೆಂಚಿನ ತುದಿಯಲ್ಲಿ ಟವೆಲ್ ಹೊದ್ದು ಕೂತ ಎರಡನೇ ಸೆಂಟರ್, ಅಂದರೆ ರಿಂಗಿನ ಬಳಿ ಆಡುವ ಎರಡನೇ ಎತ್ತರದಾಳಿನ ಪರವಾಗಿ ಹೋಗುತ್ತೆ. ಅಂಥ ಬೆಂಚುವಾಸಿಗಳ ಕುಲದೇವರು ಅಂದರೆ ಬೋಬನ್ ಮಾರ್ಯಾನೊವಿಚ್.

ಸರ್ಬಿಯಾದವನು, ಎತ್ತರ ಏಳಡಿ ನಾಲ್ಕಿಂಚು. ಹತ್ತಡಿ ಮೇಲಿನ ರಿಂಗಿಗೆ ಉಳಿದವರು ಹಾರಿ ಡಂಕ್ ಮಾಡಿದರೆ ಈ ಆಸಾಮಿ ನಿಂತಲ್ಲೇ ಕೈ ಚಾಚಿ ಚೆಂಡು ಇಟ್ಟು ಬರ್ತಾನೆ. 2015ರಲ್ಲಿ ಸ್ಯಾನ್ ಆಂಟೋನಿಯೋಗೆ ಬಂದ. ಕೋಚ್ ಯಾರು? ಗ್ರೆಗ್ ಪೊಪೊವಿಚ್. ಟಿಮ್ ಡಂಕನ್ನಂಥವರು ಆಡುತ್ತಿದ್ದ ಆ ತಂಡ ಆ ಸೀಸನ್‌ನಲ್ಲಿ 67 ಪಂದ್ಯ ಗೆದ್ದಿತು. ಬೋಬನ್‌ಗೆ ಸಿಕ್ಕಿದ್ದು ಪಂದ್ಯಕ್ಕೆ 9.4 ನಿಮಿಷ. ಅಷ್ಟರಲ್ಲೇ ಸರಾಸರಿ 5.5 ಪಾಯಿಂಟ್ ಹೊಡೆದ.

ಇಲ್ಲೇ ನೋಡಿ, ಅಭಿಮಾನಿ ಶಾಲೆಯಲ್ಲಿ ಕಲಿತ ತ್ರೈರಾಶಿ ಲೆಕ್ಕವನ್ನು ಜೇಬಿನಿಂದ ತೆಗೆಯೋದು. 9.4 ನಿಮಿಷಕ್ಕೆ 5.5 ಆದರೆ 36 ನಿಮಿಷಕ್ಕೆ ಎಷ್ಟು? 21! 'ನೋಡಿದ್ರಾ, ಪಕ್ಕಾ ಆಲ್‌ಸ್ಟಾರು, ಈ ಕೋಚ್‌ಗೆ ಕಣ್ಣಿಲ್ಲ' ಅಂತ ತೀರ್ಪು. ಸ್ವಾಮಿ, ಎಲೆ ತುದಿಗೆ ಬಡಿಸಿದ ಉಪ್ಪಿನಕಾಯಿ ಅದ್ಭುತವಾಗಿದೆ ಅಂತ ಅದನ್ನೇ ಅನ್ನದ ಹಾಗೆ ಕಲಸಿಕೊಂಡು ತಿನ್ನೋಕಾಗುತ್ತಾ? ಆ ಒಂಬತ್ತು ನಿಮಿಷದಲ್ಲಿ ಅವನೆದುರು ಆಡುವವರೂ ಹೆಚ್ಚಾಗಿ ಬೆಂಚಿನವರೇ. ತ್ರೈರಾಶಿಗೆ ಸುಸ್ತಾಗಲ್ಲ, ಏಳಡಿ ನಾಲ್ಕಿಂಚಿನ ಮನುಷ್ಯನಿಗೆ ಆಗುತ್ತೆ.

ಕೋಚ್‌ಗಳ ಭಯಕ್ಕೂ ಕಾರಣ ಇಲ್ಲದಿಲ್ಲ. ಎದುರಾಳಿ ಗಾರ್ಡ್ ಚೆಂಡು ಪುಟಿಸುತ್ತಾ ಬರ್ತಾನೆ. ಅವರ ಕಡೆಯ ದಾಂಡಿಗನೊಬ್ಬ ಬಂದು ಗೋಡೆ ಥರ ಅಡ್ಡ ನಿಂತು ಸ್ಕ್ರೀನ್ ಹಾಕ್ತಾನೆ. ಈಗ ಬೋಬನ್ ಏನು ಮಾಡಬೇಕು? ಮುಂದೆ ನುಗ್ಗಿದರೆ ಗಾರ್ಡ್ ಪಕ್ಕದಿಂದ ನುಸುಳಿ ರಿಂಗಿನ ಕೆಳಗೆ ಹೋಗಿರ್ತಾನೆ. ಹಿಂದೆ ನಿಂತರೆ ಅವನು ಅಲ್ಲಿಂದಲೇ ಆರಾಮಾಗಿ ಗುರಿಯಿಟ್ಟು ಮೂರು ಪಾಯಿಂಟ್ ಹೊಡೀತಾನೆ. ಅಷ್ಟುದ್ದದ ಕಾಲುಗಳು ತಿರುಗೋಕೆ ಒಂದು ಕ್ಷಣ ಹೆಚ್ಚೇ ಬೇಕು. ಎದುರಾಳಿ ಇದನ್ನೇ ಮತ್ತೆ ಮತ್ತೆ ಮಾಡ್ತಾನೆ, ಕೋಚ್ ಟೈಮ್‌ಔಟ್ ಕರೀತಾರೆ, ಬೋಬನ್ ವಾಪಸ್ ಟವೆಲ್ಲಿಗೆ.

ಆದರೆ ಡೆಟ್ರಾಯಿಟ್‌ನ ಕಥೆಗೆ ಮಾತ್ರ ನನ್ನಿಂದ ಕ್ಷಮೆಯಿಲ್ಲ. 2016ರಲ್ಲಿ ಆ ತಂಡ ಇವನಿಗೆ ಮೂರು ವರ್ಷಕ್ಕೆ 2.1 ಕೋಟಿ ಡಾಲರ್ ಕೊಟ್ಟು ಕರೆಸಿಕೊಂಡಿತು. ಕರೆಸಿದ್ದು ಅಲ್ಲಿನ ಬಾಸ್ಕೆಟ್‌ಬಾಲ್ ವ್ಯವಹಾರದ ಅಧ್ಯಕ್ಷರು, ಸ್ಟ್ಯಾನ್ ವ್ಯಾನ್ ಗಂಡಿ. ಬೆಂಚಿನಲ್ಲಿ ಕೂರಿಸಿದ್ದು ಅಲ್ಲಿನ ಕೋಚ್, ಸ್ಟ್ಯಾನ್ ವ್ಯಾನ್ ಗಂಡಿ. ಎರಡೂ ಹುದ್ದೆ ಒಬ್ಬರದೇ! ಅಧ್ಯಕ್ಷರು ಚೆಕ್ ಬರೆದ ವಿಷಯ ಕೋಚ್ ಕಿವಿಗೆ ಬಿದ್ದಿರಲಿಲ್ಲವೋ ಏನೋ. ಸೆಂಟರ್‌ಗಳ ಸಾಲಲ್ಲಿ ಆಂಡ್ರೆ ಡ್ರಮಂಡ್ ಮೊದಲು, ಆರನ್ ಬೇನ್ಸ್ ಆಮೇಲೆ, ಬೋಬನ್ ಮೂರನೆಯವನು. ಮೊದಲ ಸೀಸನ್‌ನಲ್ಲಿ 35 ಪಂದ್ಯ, ಪಂದ್ಯಕ್ಕೆ 8.4 ನಿಮಿಷ. ಏಪ್ರಿಲ್‌ನಲ್ಲಿ, ಸೀಸನ್ ಮುಗಿಯೋಕೆ ಬಂದಾಗ, ಹ್ಯೂಸ್ಟನ್ ಎದುರು 27 ಪಾಯಿಂಟ್, 12 ರೀಬೌಂಡ್ ಬಾರಿಸಿದ. ತಂಡ ಆ ವರ್ಷ ಪ್ಲೇಆಫ್ ಮುಖ ನೋಡಲಿಲ್ಲ. ನೋಡುತ್ತಿತ್ತು ಅಂತ ನಾನೂ ಹೇಳ್ತಿಲ್ಲ, ತ್ರೈರಾಶಿ ಬಿಟ್ಟಾಯ್ತಲ್ಲ.

ಅಂಜುಬುರುಕ ಕೋಚ್‌ನ ಲೆಕ್ಕ ಬಲು ಸರಳ. ಹೊಸಬನನ್ನು ಇಳಿಸಿ ಸೋತರೆ ನಾಳೆ ಪೇಪರಿನಲ್ಲಿ ಇವರ ಹೆಸರು. ಹಳಬನನ್ನೇ ಆಡಿಸಿ ಸೋತರೆ ಪಾಪ, ಹಣೆಬರಹ. ಕೊಡದೇ ಇದ್ದ ನಿಮಿಷಕ್ಕೆ ಯಾರೂ ಲೆಕ್ಕ ಕೇಳಲ್ಲ. ಹಾಗಾಗಿ ಎರಡನೇ ಸೆಂಟರ್‌ಗೆ ಅವಕಾಶ ಸಿಗೋದು ಕೋಚ್ ಕೃಪೆಯಿಂದಲ್ಲ, ಮೊದಲನೆಯವನ ಕಾಲುಗಂಟಿನ ಕೃಪೆಯಿಂದ. ಐಸಾಯಾ ಹಾರ್ಟನ್‌ಸ್ಟೈನ್‌ನನ್ನೇ ನೋಡಿ. ನ್ಯೂಯಾರ್ಕ್‌ನಲ್ಲಿ ಆಗ ಟಾಮ್ ತಿಬಡೋ ಅನ್ನೋ ಕೋಚ್, ಆರಂಭದ ಐವರನ್ನು ಅಂಗಳದಿಂದ ಹೊರಗೆ ಬಿಡೋಕೇ ಮನಸ್ಸು ಬಾರದವರು. 2023ರ ಡಿಸೆಂಬರ್‌ನಲ್ಲಿ ಮಿಚೆಲ್ ರಾಬಿನ್‌ಸನ್ ಕಾಲುಗಂಟಿಗೆ ಪೆಟ್ಟಾಯ್ತು, ಹಾರ್ಟನ್‌ಸ್ಟೈನ್ ಒಳಗೆ ಬಂದ. ಮುಂದಿನ ಬೇಸಿಗೆಯಲ್ಲಿ ಓಕ್ಲಹೋಮಾ ಸಿಟಿ ಅವನಿಗೆ ಮೂರು ವರ್ಷಕ್ಕೆ 8.7 ಕೋಟಿ ಡಾಲರ್ ಕೊಟ್ಟಿತು, 2025ರಲ್ಲಿ ಚಾಂಪಿಯನ್ನೂ ಆದ.

ನಮ್ಮ ಬೋಬನ್ ಜಾತಕ ಬೇರೆ. ಡಲ್ಲಸ್‌ನಲ್ಲಿದ್ದಾಗ ಒಂದು ರಾತ್ರಿ ಡೆನ್ವರ್ ಎದುರು ಶುರುವಿನಿಂದಲೇ ಆಡುವ ಯೋಗ ಬಂತು. 31 ಪಾಯಿಂಟ್, 17 ರೀಬೌಂಡ್! ಇನ್ನು ಇವನನ್ನು ತಡೆಯೋರಿಲ್ಲ ಅಂತ ನಾವೆಲ್ಲ ಎದೆ ಉಬ್ಬಿಸಿದ್ವಿ. ತಾರೀಖು 2020ರ ಮಾರ್ಚ್ 11. ಪಂದ್ಯ ಇನ್ನೂ ನಡೀತಿರುವಾಗಲೇ ಕೊರೊನಾ ಕಾರಣಕ್ಕೆ ಲೀಗನ್ನೇ ನಿಲ್ಲಿಸಿದ ಸುದ್ದಿ ಬಂತು. ಬೋಬನ್‌ನ ತಡೆಯೋಕೆ ಇಡೀ ಜಗತ್ತೇ ಬಾಗಿಲು ಹಾಕಬೇಕಾಯ್ತು ಅಂತ ನಾವು ಸಮಾಧಾನ ಮಾಡಿಕೊಂಡ್ವಿ.

2021ರ ಪ್ಲೇಆಫ್‌ನಲ್ಲಿ ಡಲ್ಲಸ್ ಕೋಚ್ ರಿಕ್ ಕಾರ್ಲೈಲ್‌ಗೆ ಅದೇನಾಯ್ತೋ! ಎದುರಿನ ಕ್ಲಿಪ್ಪರ್ಸ್ ಕುಳ್ಳರನ್ನೇ ಇಟ್ಟುಕೊಂಡು ಆಡ್ತಿದ್ರೆ ಇವರು ನಾಲ್ಕನೇ ಪಂದ್ಯದಿಂದ ಬೋಬನ್‌ನನ್ನು ಆರಂಭಕ್ಕೇ ಇಳಿಸಿದರು. ಜೊತೆಗೆ ಏಳಡಿ ಮೀರಿದ ಪೊರ್ಜಿಂಗಿಸ್ ಬೇರೆ. ಒಬ್ಬೊಬ್ಬರ ಬೆನ್ನು ಹತ್ತಿ ಓಡುವ ಗೋಜಿಲ್ಲ, ಜೋನ್ ಹಾಕಿ ರಿಂಗಿನ ಹತ್ತಿರ ಕೈ ಅಗಲಿಸಿ ನಿಲ್ಲೋದು. ಐದನೇ ಪಂದ್ಯವನ್ನು ಎದುರಾಳಿಯ ಊರು ಲಾಸ್ ಏಂಜಲೀಸ್‌ನಲ್ಲೇ ಗೆದ್ದರು. ಆಮೇಲಿನ ಎರಡರಲ್ಲಿ ಸೋತು ಮನೆಗೆ ಬಂದರು ಅನ್ನೋದನ್ನ ಅಭಿಮಾನಿ ಮೆಲ್ಲಗೆ ಹೇಳ್ತಾನೆ. ಮುಂದಿನ ಸೀಸನ್‌ಗೆ ಹೊಸ ಕೋಚ್, ಹಳೇ ಬೆಂಚು.

ಅಷ್ಟಾದರೂ ಆ ಪುಣ್ಯಾತ್ಮ ಮುಖ ಸಿಂಡರಿಸಿದ್ದನ್ನು ನಾನಂತೂ ಕಂಡಿಲ್ಲ. ಬಿಡುವಿದ್ದಾಗ 'ಜಾನ್ ವಿಕ್' ಮೂರನೇ ಭಾಗದಲ್ಲಿ ನಟಿಸಿ, ಲೈಬ್ರರಿಯಲ್ಲಿ ಕಿಯಾನು ರೀವ್ಸ್ ಕೈಲಿ ಪುಸ್ತಕದೇಟು ತಿಂದು ಸತ್ತ. 2024ರ ಏಪ್ರಿಲ್‌ನಲ್ಲಿ, ಹ್ಯೂಸ್ಟನ್ ಪರ ಆಡುತ್ತಾ, ಅದೇ ಕ್ಲಿಪ್ಪರ್ಸ್ ಅಂಗಳದಲ್ಲಿ ಫ್ರೀ ಥ್ರೋ ಹಾಕೋಕೆ ನಿಂತ. ಕೊನೇ ಕ್ವಾರ್ಟರ್. ಎದುರಾಳಿ ಸತತ ಎರಡು ಫ್ರೀ ಥ್ರೋ ತಪ್ಪಿಸಿದರೆ ಪ್ರೇಕ್ಷಕರಿಗೆ ಚಿಕನ್ ಸ್ಯಾಂಡ್‌ವಿಚ್ ಪುಕ್ಕಟೆ ಅನ್ನೋದು ಆಗ ಅಲ್ಲಿದ್ದ ಪದ್ಧತಿ. ಮೊದಲನೆಯದು ತಪ್ಪಿತು. ಇಡೀ ಸ್ಟೇಡಿಯಂ ಎದ್ದು ಬೊಬ್ಬೆ. ಬೋಬನ್ ಜನರತ್ತ ನೋಡಿದ, ಬೆರಳಲ್ಲಿ ತನ್ನೆದೆ ತೋರಿಸಿಕೊಂಡ, ಎರಡನೆಯದನ್ನು ಬೇಕಂತಲೇ ತಪ್ಪಿಸಿದ. ಎದುರಾಳಿಯ ಊರಿಗೆಲ್ಲ ಊಟ ಹಾಕಿಸಿದ ಅವನನ್ನು ಕೋಚ್ ಬೈಯೋ ಹಾಗೂ ಇರಲಿಲ್ಲ, ಪಂದ್ಯ ಗೆದ್ದಿದ್ದು ಹ್ಯೂಸ್ಟನ್ನೇ.