ಅಡುಗೆಮನೆಯಲ್ಲಿ ಶಟ್‌ಡೌನ್

ಬೆಂಗಳೂರಿನ ಪೂರ್ವಕ್ಕೆ ಅವರದೊಂದು ಸಂತತಿಯೇ ಇದೆ. ಕೆಲವರು ಎಚ್‌ಎಎಲ್‌ನಿಂದ ನಿವೃತ್ತರಾದವರು, ಕೆಲವರು ದೂರವಾಣಿನಗರದ ಐಟಿಐನವರು, ಇನ್ನು ಕೆಲವರು ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನವರು. ಆ ಕಾರ್ಖಾನೆ ಮುಚ್ಚಿಹೋಯಿತು, ಇವರು ಗಟ್ಟಿಯಾಗಿದ್ದಾರೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ ಶುರುವಾದ ಮೇಲೆ ಈ ಕಡೆಯ ಎಷ್ಟೋ ಮನೆಗಳು ಸೈರನ್ನಿಗೆ ಎದ್ದು ಶಿಫ್ಟಿಗೆ ತಕ್ಕಂತೆ ಉಂಡವು. ಇಂದಿರಾನಗರದಲ್ಲೋ ಕೆ.ಆರ್. ಪುರದಲ್ಲೋ ಸೈಟು ಕೊಂಡು ಮನೆ ಕಟ್ಟಿಕೊಂಡ ಇಂಥ ಹಿರಿಯರನ್ನು ಬೀದಿಯವರು ‘ಫ್ಯಾಕ್ಟರಿ ಅಂಕಲ್’ ಎನ್ನುತ್ತಾರೆ. ಹೆಸರು ಕೇಳಬೇಕಾಗಿಲ್ಲ, ಗೇಟಿನ ಕೀಲಿಗೆ ಗ್ರೀಸ್ ಹಚ್ಚಿದ್ದರೆ ಮನೆ ಅದೇ.

ಉರಿ ನೀಲಿ ಬಿಟ್ಟು ಹಳದಿಗೆ ತಿರುಗಿ, ಪಾತ್ರೆಯ ತಳ ಮಸಿ ಹಿಡಿಯತೊಡಗಿದರೆ ಬರ್ನರ್‌ಗೆ ವಯಸ್ಸಾಗಿರಬಹುದು. ಬೇರೆ ಮನೆಗಳಲ್ಲಾದರೆ ‘ಗ್ಯಾಸ್ ಸ್ಟೌ ರಿಪೇರೀ, ಕುಕ್ಕರ್ ರಿಪೇರೀ’ ಎಂದು ಸ್ಪೀಕರ್ ಹಾಕಿಕೊಂಡು ಬರುವ ಸೈಕಲ್ಲಿನವನನ್ನು ಕೂಗುತ್ತಾರೆ. ಅವನು ಜೆಟ್ಟಿಗೆ ಪಿನ್ನು ಚುಚ್ಚಿ, ಬಾಯಲ್ಲಿ ಊದಿ, ಲೀಕ್ ಇದೆಯೋ ಎಂದು ಬೆಂಕಿಕಡ್ಡಿ ಗೀರಿ ನೋಡಿ, ದುಡ್ಡು ಇಸಿದುಕೊಂಡು ಮುಂದಿನ ಕ್ರಾಸಿಗೆ ಹೋಗಿರುತ್ತಾನೆ. ಅಂಕಲ್ ಅವನನ್ನು ಗೇಟಿನಾಚೆಯೇ ತಡೆಯುತ್ತಾರೆ. ಪಿನ್ನು ಚುಚ್ಚಿದರೆ ಜೆಟ್ಟಿನ ತೂತು ದೊಡ್ಡದಾಗುತ್ತದೆ, ಗ್ಯಾಸ್ ದಂಡ. ಬೆಂಕಿಕಡ್ಡಿ ಗೀರಿ ಲೀಕ್ ಹುಡುಕುವವನ ಬಗ್ಗೆ ಅವರ ಅಭಿಪ್ರಾಯವನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ.

ಹೊಸ ಬರ್ನರ್ ಶಿವಾಜಿನಗರದಿಂದಲೇ ಬರಬೇಕು. ಹಳೆಯದನ್ನು ಪೇಪರಿನಲ್ಲಿ ಸುತ್ತಿಕೊಂಡು, ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ರಸೆಲ್ ಮಾರುಕಟ್ಟೆಯ ಆಚೀಚಿನ ಗಲ್ಲಿಗಳಲ್ಲಿ ಸುತ್ತುತ್ತಾರೆ. ಹಿತ್ತಾಳೆ ಎಂದು ಕೊಟ್ಟದ್ದಕ್ಕೆ ಅಯಸ್ಕಾಂತ ಮುಟ್ಟಿಸುತ್ತಾರೆ. ಅಂಟಿದರೆ ಒಳಗಿರುವುದು ಕಬ್ಬಿಣ. ಬುಡದ ವ್ಯಾಸ ಅಳೆದು, ಹಳೆಯದರದ್ದು ಅಳೆದು, ಕನ್ನಡಕ ಒರೆಸಿ ಮತ್ತೆ ಅಳೆಯುತ್ತಾರೆ.

‘ಸಾಬ್, ಇದು ಒಲೆಗಾ, ವಿಮಾನಕ್ಕಾ?’

‘ಅಲ್ಲೂ ಹೀಗೇ ನೋಡ್ತಿದ್ವಪ್ಪಾ. ಅದಕ್ಕೇ ಅವು ಮೇಲೆ ನಿಂತಿದ್ದು.’

ಶಟ್‌ಡೌನ್ ಭಾನುವಾರ ಬೆಳಿಗ್ಗೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿರುತ್ತದೆ. ಒಲೆ ಕಳಚಬೇಕಾದ ಮನುಷ್ಯ ಮೊದಲು ಒಲೆ ಹಚ್ಚುತ್ತಾರೆ. ಯಾಕೆಂದು ಕೇಳಿದವರು ಸಿಕ್ಕಿಬಿದ್ದರು. ಉರಿಯುತ್ತಿರುವಾಗಲೇ ರೆಗ್ಯುಲೇಟರ್ ಆಫ್ ಮಾಡಿದರೆ ಟ್ಯೂಬಿನಲ್ಲಿ ಉಳಿದ ಗ್ಯಾಸ್ ಉರಿದು ತೀರಿ, ಉರಿ ತಾನಾಗಿ ಆರುತ್ತದೆ. ಆಮೇಲೆ ನಾಬ್ ಬಂದ್. ರೆಗ್ಯುಲೇಟರ್ ಕಳಚಿ, ಸಿಲಿಂಡರಿನ ಬಾಯಿಗೆ ದಾರದಲ್ಲಿ ನೇತಾಡುವ ಆ ಪ್ಲಾಸ್ಟಿಕ್ ಮುಚ್ಚಳ. ನಮ್ಮ ನಿಮ್ಮ ಮನೆಗಳಲ್ಲಿ ಎಂದೋ ಕಾಣೆಯಾಗಿರುವ ಆ ಮುಚ್ಚಳ ಅವರ ಮನೆಯಲ್ಲಿ ಸ್ಪೇರ್ ಕೂಡ ಇದೆ. ಕಿಟಕಿ ತೆರೆದದ್ದಾಯಿತು. ಯಾರೂ ಸ್ವಿಚ್ ಮುಟ್ಟುವಂತಿಲ್ಲ, ಎಕ್ಸಾಸ್ಟ್ ಫ್ಯಾನಿನದಂತೂ ಕೂಡದು.

‘ಲೇ, ದೇವರ ದೀಪ ದೊಡ್ಡದು ಮಾಡೇ.’

‘ಈಗಷ್ಟೇ ಹಚ್ಚಿದೀನ್ರೀ! ನಿಮ್ಮ ಬರ್ನರಿಗೋಸ್ಕರ ನನ್ನ ದೇವರು ಕತ್ತಲಲ್ಲಿ ಕೂರಬೇಕಾ?’

‘ಸ್ವಲ್ಪ ಹೊತ್ತು ವೀಕ್ಲಿ ಆಫ್ ಅಂದ್ಕೋ.’

ಈಗ ಒಲೆ ತಣ್ಣಗಾಗಬೇಕು. ಮನೆಯವರಿಗೆ ಗಂಡಾಂತರದ ಹೊತ್ತು ಇದೇ, ಕಾಫಿಯಿಲ್ಲ, ಭಾಷಣವಿದೆ. ಅಡುಗೆ ಅನಿಲ ಗಾಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ, ಸೋರಿದರೆ ಮೇಲೇಳದೆ ನೆಲದಲ್ಲೇ ಹರಡಿಕೊಳ್ಳುತ್ತದೆ, ಅದಕ್ಕೇ ಕಿಟಕಿಯೊಂದೇ ಸಾಲದು, ಬಾಗಿಲೂ ತೆರೆದಿರಬೇಕು. ಅದಕ್ಕೆ ಸ್ವಂತ ವಾಸನೆ ಇಲ್ಲ, ಮೂಗಿಗೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಮೊಮ್ಮಗ ಇದನ್ನು ಬಾಯಿಪಾಠ ಒಪ್ಪಿಸಿದರೆ ಅವನಿಗೆ ಹಲಸೂರಿನ ಹೋಟೆಲಿನಿಂದ ಇಡ್ಲಿ ತರಲು ಪರ್ಮಿಟ್ ಸಿಗುತ್ತದೆ. ಅಂಕಲ್ ಹೇಳುವುದರಲ್ಲಿ ಒಂದೂ ಸುಳ್ಳಿಲ್ಲ. ಮನೆಯವರ ಕಷ್ಟವೇ ಅದು. ತಪ್ಪು ಹೇಳಿದ್ದರೆ ಜಗಳವಾಡಬಹುದಿತ್ತು.

ಹಳೇ ಟೂತ್‌ಬ್ರಷ್ಷಿನಿಂದ ಬರ್ನರ್ ಕೂರುವ ಜಾಗದ ಜಿಡ್ಡು ಉಜ್ಜುತ್ತಾರೆ, ಗಾಳಿ–ಗ್ಯಾಸ್ ಬೆರೆಯುವ ಕೊಳವೆಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಜಿರಳೆ ಮೊಟ್ಟೆ ಸಿಕ್ಕಿದರೆ ಅವತ್ತು ಅವರಿಗೆ ಹಬ್ಬ. ‘ನೋಡಿದ್ಯಾ? ನಾನು ಹೇಳಲಿಲ್ವಾ?’ ಇಷ್ಟೆಲ್ಲ ಆದ ಮೇಲೆ ಹೊಸ ಬರ್ನರ್ ಕೂರಿಸುವುದು ಎಷ್ಟು ಹೊತ್ತಿನ ಕೆಲಸ? ಟೋಪಿ ಹಾಕಿಕೊಂಡಷ್ಟು. ರೆಗ್ಯುಲೇಟರ್ ಮತ್ತೆ ಕೂತ ಮೇಲೆ ಸೋಪಿನ ನೀರು, ಶೇವಿಂಗ್ ಬ್ರಷ್, ಪ್ರತಿ ಜಾಯಿಂಟಿಗೂ ನೊರೆ. ಗುಳ್ಳೆ ಏಳದಿದ್ದರೆ ಮಾತ್ರ ಲೈಟರ್. ನೀಲಿ ಉರಿ ಬಂದಾಗ ಹೆಂಡತಿ ಹಾಲಿನ ಪಾತ್ರೆ ಹಿಡಿದು ನಿಂತಿರುತ್ತಾರೆ, ಅಂಕಲ್ ಇನ್ನೂ ಸುತ್ತು ತಿರುಗಿ ಉರಿ ನೋಡುತ್ತಿರುತ್ತಾರೆ.

2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೊ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಕೂಡಿಕೊಂಡಿತು. ಅಂಕಲ್ಲಿನ ಮಗಳ ಫ್ಲ್ಯಾಟು ಆ ಕಡೆಗೇ. ಅಲ್ಲಿ ಸಿಲಿಂಡರ್ ಇಲ್ಲ, ಗೋಡೆಯಿಂದ ಪೈಪ್ ಗ್ಯಾಸ್. ಹತೋಟಿಗೆ ಹೊಸ ಸಾಮ್ರಾಜ್ಯ! ಪೈಪಿನ ಅನಿಲ ಗಾಳಿಗಿಂತ ಹಗುರ, ಮೇಲೇಳುತ್ತದೆ. ಒತ್ತಡ ಸುಮಾರು 21 ಮಿಲಿಬಾರ್, ಸಿಲಿಂಡರಿನದು 30. ಆದ್ದರಿಂದ ಜೆಟ್ಟಿನ ತೂತೂ ಬೇರೆ, ದೊಡ್ಡದು. ಒಂದರ ಜೆಟ್ ಇನ್ನೊಂದಕ್ಕೆ ಸಲ್ಲದು. ಈ ಭಾಷಣ ಮೊದಲು ಇಂದಿರಾನಗರ ಸ್ಟೇಷನ್ನಿನ ಸೆಕ್ಯುರಿಟಿಯವನಿಗೇ ಆಯಿತು, ಬ್ಯಾಗಿನ ಸ್ಪ್ಯಾನರ್ ಸ್ಕ್ಯಾನರಿನಲ್ಲಿ ಕಂಡದ್ದಕ್ಕೆ. ಕೊನೆಗೆ ಅವನೂ ತನ್ನ ರೂಮಿನ ಒಲೆ ಹಳದಿ ಉರಿಯುತ್ತಿದೆ ಎಂದ. ಅಳಿಯ ಮಾತ್ರ, ‘ಮಾವ, ಕಂಪನಿಯವರಿಗೇ ಫೋನ್ ಮಾಡಿದ್ರೆ ಬಂದು ನೋಡ್ತಾರೆ’ ಎಂದು ನೋಡಿದ. ‘ಮಾಡು, ಅವರು ನೋಡೋದನ್ನ ನಾನು ನಿಂತು ನೋಡ್ತೀನಿ’ ಎಂಬ ಉತ್ತರ ಬಂತು.

ಇವರು ನಿಮ್ಮ ಮನೆಗೂ ಯಾವಾಗಲಾದರೂ ಕಾಫಿಗೆ ಬಂದಾರು. ಬಂದವರು ಸೋಫಾದ ಮೇಲೆ ಕೂರುವುದಿಲ್ಲ, ನೇರ ಅಡುಗೆಮನೆಗೆ ಹೋಗಿ ಕಿತ್ತಳೆ ಬಣ್ಣದ ಟ್ಯೂಬಿನ ಮೇಲೆ ಅಚ್ಚಾದ ತಿಂಗಳು, ವರ್ಷ ಓದುತ್ತಾರೆ. 5 ವರ್ಷ ದಾಟಿದ್ದರೆ ಕಾಫಿ ಆಗುವುದಿಲ್ಲ. ಅವರಿಗಿಂತ ಮೊದಲು ನೀವೇ ಓದಿ, ಹಳೆಯದಾಗಿದ್ದರೆ ಬದಲಾಯಿಸಿಬಿಡಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅಂಕಲ್‌ಗೆ ಆಮೇಲೆ ಹೇಳಿದರಾಯಿತು.