ತ್ಯಕ್ತಭಾಂಡ ಮೀಮಾಂಸೆ

ಬಿ. ಎಲ್. ರೈಸ್ ಮಹಾಶಯರು ಊರೂರು ಸುತ್ತಿ, ಪೊದೆಗಳನ್ನು ಸವರಿಸಿ, ಹೂತುಹೋದ ಕಲ್ಲುಗಳನ್ನು ಎತ್ತಿಸಿ, ಗುಡಿಯ ಕಂಬ, ಕೆರೆಯ ತೂಬು, ಹೊಲದ ಬದುವಿನ ವೀರಗಲ್ಲು ಇವೊಂದನ್ನೂ ಬಿಡದೆ ಅಚ್ಚೆತ್ತಿಸಿ, ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ, ಆದರೆ ಇಷ್ಟೆಲ್ಲ ಶ್ರಮಪಟ್ಟ ಆ ಮಹನೀಯರು ನಮ್ಮ ಗೃಹಸ್ಥರ ಅಡಿಗೆಯ ಮನೆಗಳೊಳಕ್ಕೆ ಇಣಿಕಿ ನೋಡಿ, ಅಲ್ಲಿ ಬೋರಲು ಹಾಕಿದ್ದ ಕೊಳದಪ್ಪಲೆಗಳ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದಿದ್ದ ಅಕ್ಷರಗಳನ್ನು ಓದುವ ಗೋಜಿಗೆ ಹೋಗಲಿಲ್ಲವೆಂಬುದು ಸಂಶೋಧನೆಯ ಚರಿತ್ರೆಯಲ್ಲಿ ಒಂದು ಘೋರವಾದ ಲೋಪವೆಂದು ನನ್ನ ಅಭಿಪ್ರಾಯ. ಕಲ್ಲಿನ ಮೇಲೆ ಬರೆಯಿಸಿದವರು ರಾಜರು, ಹೆಗ್ಗಡೆಗಳು, ದಂಡನಾಯಕರು. ಹಿತ್ತಾಳೆಯ ಮೇಲೆ ಬರೆಯಿಸಿದವರು ಸೋದರಮಾವಂದಿರು. ಲೋಕವು ನಿಂತಿರುವುದು ಯಾರ ಮೇಲೆ ಎಂಬುದನ್ನು ಒಂದಾದರೂ ಮದುವೆಯನ್ನು ಮಾಡಿ ನೋಡಿದವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಈ ಲೋಪವನ್ನು ತುಂಬುವ ಭಾರವು ನನ್ನಂಥ ಅಲ್ಪಜ್ಞನ ಮೇಲೆ ಬಿದ್ದಿತು. ಬಿದ್ದ ಸ್ಥಳ ಅದೇ ಜಿಲ್ಲೆಯ ಬೆಳ್ಳಾವಿ. ಸ್ಥಳವು ಅಯೋಗ್ಯವಾದುದೇನೂ ಅಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತ, 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, 1937ರ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ವೆಂಕಟನಾರಣಪ್ಪನವರು ತಮ್ಮ ಹೆಸರಿಗೆ ಮೊದಲು ಹೊತ್ತುಕೊಂಡು ತಿರುಗಿದುದು ಈ ಊರಿನ ಹೆಸರನ್ನೇ. ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂದು ಅವರು ತೋರಿಸಿಕೊಟ್ಟರು. ಶಾಸ್ತ್ರವಲ್ಲದುದನ್ನು ಶಾಸ್ತ್ರದ ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸುವ ಕಾರ್ಯವೊಂದು ಉಳಿದಿದ್ದಿತು.

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಆದಿಯಲ್ಲಿಯೇ ಹೇಳತಕ್ಕದ್ದು. ವಿಷಯ: ಮನೆಯವರು ಬೇಡವೆಂದು ಎಸೆದ ಹಳೆಯ ಸಾಮಾನು. ಅಧಿಕಾರಿ: ಅದನ್ನು ಕಂಡೊಡನೆ ಯಾರ ಕಾಲುಗಳು ತಮಗೆ ತಾವೇ ನಿಲ್ಲುವುವೋ ಅವನು. ಸಂಬಂಧ: ಪೂರ್ವಜನ್ಮದ್ದು. ಪ್ರಯೋಜನವೇನೆಂದು ನನ್ನ ಪತ್ನಿಯು ಇಪ್ಪತ್ತೆರಡು ವರ್ಷಗಳಿಂದ ಕೇಳುತ್ತಿರುವಳು. ಆಕೆಗೆ ಕೊಡಲಾರದ ಉತ್ತರವನ್ನು ವಾಚಕರಿಗೆ ಕೊಡುವುದು ನ್ಯಾಯವಲ್ಲವಾದುದರಿಂದ ಮುಂದಕ್ಕೆ ಹೋಗೋಣ.

ಮೊದಲು ತತ್ತ್ವವಿಚಾರ. ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವರು. ಮಡಕೆಯು ಇನ್ನೂ ಹುಟ್ಟದಿರುವುದು ಪ್ರಾಗಭಾವ, ಒಡೆದುಹೋದುದು ಪ್ರಧ್ವಂಸಾಭಾವ, ಎಂದೆಂದಿಗೂ ಇಲ್ಲದಿರುವುದು ಅತ್ಯಂತಾಭಾವ, ಮಡಕೆಯು ಬಟ್ಟೆಯಲ್ಲದಿರುವುದು ಅನ್ಯೋನ್ಯಾಭಾವ. ಅಷ್ಟು ಸೂಕ್ಷ್ಮಮತಿಗಳಾದ ಅವರ ಮನೆಗಳಲ್ಲಿ ಅಟ್ಟವಿರಲಿಲ್ಲವೆಂದು ತೋರುತ್ತದೆ. ಇದ್ದಿದ್ದರೆ ಐದನೆಯದೊಂದು ಅಭಾವವು ಅವರ ತಲೆಯ ಮೇಲೆಯೇ ಇದ್ದುದು ಅವರಿಗೆ ಕಾಣುತ್ತಿದ್ದಿತು. ಅಟ್ಟದ ಮೇಲಿನ ವಸ್ತುವು ಹುಟ್ಟಿದೆ, ಒಡೆದಿಲ್ಲ, ಇದೆ; ಆದರೂ ಮನೆಯಲ್ಲಿ ಯಾರನ್ನು ಕೇಳಿದರೂ ಇಲ್ಲವೆನ್ನುವರು. ಶ್ಯಾವಿಗೆಯ ಒರಳು, ಗಾಜಿಲ್ಲದ ಕಂದೀಲು, ಕಿವಿ ಹೋದ ಉಪ್ಪಿನಕಾಯಿಯ ಜಾಡಿ, ಎರಡು ಗುಳಿಗಳು ಸೀಳಿಹೋದ ಅಳಗುಳಿ ಮಣೆ, ಮುಳ್ಳು ನಿಂತ ಗಡಿಯಾರ, ಇವೆಲ್ಲ ಈ ಸ್ಥಿತಿಯಲ್ಲಿ ಒಂದೆರಡು ತಲೆಮಾರು ಇರಬಲ್ಲುವು. ಇದನ್ನು ನಾನು ಅಟ್ಟಾಭಾವವೆಂದು ಕರೆದಿರುವೆನು. ಮನೆಗೆ ಸುಣ್ಣ ಬಳಿಯುವ ದಿನ ಅಟ್ಟಾಭಾವವು ಕೆಳಗಿಳಿದು ಗುಜರಿಯಾಗುವುದು.

ಇವು ಅಟ್ಟವನ್ನು ಏರಿದುದು ಹೇಗೆಂಬುದಕ್ಕೂ ಚರಿತ್ರೆಯುಂಟು. ಭಾರತ ಸರ್ಕಾರವು 1956ರಲ್ಲಿ ತೂಕ ಅಳತೆಗಳ ಶಾಸನವನ್ನು ಮಾಡಿ, 1957ರ ಏಪ್ರಿಲ್ 1ರಂದು ರೂಪಾಯಿಯನ್ನು ನೂರು ನಯೇ ಪೈಸೆಗಳಾಗಿ ಒಡೆದು, 1958ರ ಅಕ್ಟೋಬರಿನಿಂದ ಕಿಲೋಗ್ರಾಮನ್ನು ಮೆಲ್ಲಮೆಲ್ಲನೆ ಅಂಗಡಿಗಳೊಳಕ್ಕೆ ಬಿಟ್ಟುದೇ ತಡ, ಅಜ್ಜಂದಿರ ಕಾಲದಿಂದ ರಾಗಿಯನ್ನು ಅಳೆಯುತ್ತಿದ್ದ ಸೇರು, ಪಾವು, ಚಟಾಕುಗಳು ಪೆನ್ಶನ್ ಇಲ್ಲದೆ ನಿವೃತ್ತಿ ಹೊಂದಿದುವು. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿದ್ದ ಪೀಳಿಗೆಯು ಮಾತ್ರ ಅಷ್ಟು ಸುಲಭವಾಗಿ ನಿವೃತ್ತಿ ಹೊಂದಲಿಲ್ಲ. ನಮ್ಮ ಸೋದರತ್ತೆಯವರು ಕೊನೆಯವರೆಗೂ ಕೇಜಿಯ ಅಕ್ಕಿಯನ್ನು ತಂದು, ಪಾವಿನಲ್ಲಿ ಅಳೆದ ಮೇಲೆಯೇ ಅದನ್ನು ಅಕ್ಕಿಯೆಂದು ನಂಬುತ್ತಿದ್ದರು. ಅನಂತರ ಸ್ಟೀಲು ಬಂದಿತು, ಪ್ಲಾಸ್ಟಿಕ್ಕು ಬಂದಿತು, ಒರಳಿನ ಗುಂಡುಕಲ್ಲಿನ ಕೆಲಸವನ್ನು ಮಿಕ್ಸಿಯು ಕಸಿದುಕೊಂಡಿತು. ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ವಿಭಾಗದ ವಿಸ್ತರಣಾ ಕೇಂದ್ರವಿದ್ದಿತು. ಮೂರು ಪಾತ್ರೆಗಳನ್ನು ಒಮ್ಮೆಲೇ ಹೊತ್ತು, ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆಗೆ ಕಳುಹಿಸುವ ಅಸ್ತ್ರ ಒಲೆಯಿಂದ ಹೆಂಗಸರ ಕಣ್ಣುಗಳು ಉಳಿದುವೆಂಬುದನ್ನು ನಾನು ಸಂತೋಷದಿಂದ ಒಪ್ಪುವೆನು. ಆದರೆ ಪಾತ್ರೆಯ ತಳದ ಮಸಿಯ ಪದರಗಳಿಂದ ಅದರ ಕಾಲವನ್ನು ನಿರ್ಣಯಿಸುವ ನಮ್ಮಂಥವರಿಗೆ ಆ ಒಲೆಯು ಮಾಡಿದ ಉಪದ್ರವವನ್ನು ಯಾವ ವಿಜ್ಞಾನಿಯೂ ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಕ್ಷೇತ್ರಕಾರ್ಯಕ್ಕೆ ಬರುವೆನು. ಹಳೆಯ ಕಬ್ಬಿಣಕ್ಕೆ ಪ್ಲಾಸ್ಟಿಕ್ ಬಿಂದಿಗೆ ಕೊಡುವೆನೆಂದು ಬೀದಿಯಲ್ಲಿ ಕೂಗುತ್ತ ಬರುವ ಸೈಕಲ್ಲಿನವನು ಈ ಶಾಸ್ತ್ರದ ಪ್ರವೇಶದ್ವಾರವಾದರೆ, ಅವನು ಸಂಜೆಗೆ ಮೂಟೆಯನ್ನಿಳಿಸುವ ಗುಜರಿಯಂಗಡಿಯು ಅದರ ಗರ್ಭಗೃಹ. ನಾನು ಹೋಗುವ ಅಂಗಡಿಯ ಮುಂದೆ ಸೈಕಲ್ ರಿಮ್ಮುಗಳ ಗೋಪುರವೂ, ಅದರ ಪಕ್ಕದಲ್ಲಿ ಪಂಪ್‌ಸೆಟ್ಟಿನ ಪೈಪುಗಳೂ, ಒಳಗೆ ಹಳೆಯ ಪಠ್ಯಪುಸ್ತಕಗಳ ಬೆಟ್ಟವೂ ಇರುವುವು. ಯಜಮಾನನು ಮಿತಭಾಷಿ. ವರ್ಗೀಕರಣದಲ್ಲಿ ಅವನದು ನನ್ನದಕ್ಕಿಂತ ಶುದ್ಧವಾದ ಪದ್ಧತಿ: ಕಬ್ಬಿಣ, ತಗಡು, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಪುಸ್ತಕ. ಕಾವ್ಯವನ್ನೂ ಕಂದಾಯದ ರಸೀತಿಯನ್ನೂ ಅವನು ಒಂದೇ ದರದಲ್ಲಿ ತೂಗುವನು; ಇಷ್ಟು ನಿಷ್ಪಕ್ಷಪಾತವಾದ ವಿಮರ್ಶೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯು 2016ರಲ್ಲಿ ಬಾಗಿಲು ಹಾಕಿದ ಮೇಲೆ ಆ ಹೆಸರಿನ ಕೈಗಡಿಯಾರಗಳಿಗೆ ಪೇಟೆಯ ರಸಿಕರು ದುಬಾರಿ ಬೆಲೆ ಕೊಡುವರೆಂಬ ಸುದ್ದಿಯನ್ನು ನಾನು ಅವನಿಗೆ ಮುಟ್ಟಿಸಿದೆನು. ಅವನು ನಕ್ಕು, ತನ್ನ ಮಣಿಕಟ್ಟನ್ನು ಅಂಗಿಯ ತೋಳಿನೊಳಕ್ಕೆ ಎಳೆದುಕೊಂಡನು.

ಕೊಳದಪ್ಪಲೆಯು ನನಗೆ ಸಿಕ್ಕಿದುದು ಅಲ್ಲಿ, ಒಂದು ಹರಿದ ಸಿಮೆಂಟಿನ ಚೀಲದ ಕೆಳಗೆ. ಅದರ ಹೊಟ್ಟೆಯಲ್ಲಿ ಅರ್ಧ ಮಳೆಯ ನೀರು, ಅರ್ಧ ನಟ್ಟು ಬೋಲ್ಟುಗಳು. ಕಂಠದ ಸುತ್ತ ಹಸುರು ಕಿಲುಬು. ಹೆಬ್ಬೆರಳಿನಿಂದ ಉಜ್ಜಿದಾಗ ಚುಕ್ಕಿಯ ಅಕ್ಷರಗಳು ಒಂದೊಂದಾಗಿ ಮೇಲೆದ್ದುವು. ಎದೆಯು ಡವಗುಟ್ಟುತ್ತಿರಲು, ಬೆಲೆಯೇರೀತೆಂದು ಮುಖದಲ್ಲಿ ವೈರಾಗ್ಯವನ್ನು ತಂದುಕೊಂಡು ಕೇಳಿದೆನು:

“ಇದನ್ನೆಂಗೆ ಕೊಡ್ತೀಯಪ್ಪ?”

“ಕೇಜಿ ಲೆಕ್ಕ ಸ್ವಾಮಿ.”

“ಇದರ ಮೇಲೆ ಏನೋ ಬರ್ದಿರೋ ಹಂಗಿದೆ.”

“ಬರ್ದಿರ್ಲಿ ಬುಡಿ ಸ್ವಾಮಿ, ಅಕ್ಷರಕ್ಕೇನು ಬೇರೆ ಕಾಸು ತಗಳಲ್ಲ.”

ತಕ್ಕಡಿಯ ಪಕ್ಕದಲ್ಲಿ ಚಿಲ್ಲರೆ ಹಾಕಿಕೊಳ್ಳಲು ಅವನು ಇಟ್ಟುಕೊಂಡಿದ್ದ ಪಾತ್ರೆಯನ್ನು ಆಗ ಗಮನಿಸಿದೆನು: ಕಬ್ಬಿಣದ ಪಟ್ಟಿ ಕಟ್ಟಿದ, ಸವೆದು ನುಣುಪಾದ ಒಂದು ಪಾವು. ಅದಕ್ಕೂ ಕೈ ನೀಡಿದೆನು. ಅವನು ಅದನ್ನು ಮೆಲ್ಲನೆ ಅತ್ತ ಸರಿಸಿ, “ಅದು ಗುಜ್ರಿ ಅಲ್ಲ ಸ್ವಾಮಿ, ನಮ್ಮವ್ವುಂದು” ಎಂದನು. ಅಧಿಕಾರಿಯ ಲಕ್ಷಣವನ್ನು ನಾನು ಮೇಲೆ ಬರೆದುದು ಅಸಮಗ್ರವೆಂದು ನನಗೆ ಅಲ್ಲಿ ತಿಳಿಯಿತು, ತಿದ್ದುಪಡಿಯನ್ನು ಮಾಡಿಲ್ಲ.

ಇನ್ನು ಶಾಸನಪಾಠ. ಲಿಪಿ ಕನ್ನಡ, ಗುಂಡಗೆ, ಬಲಕ್ಕೆ ವಾಲಿದುದು. ಕೊರೆದವನಿಗೆ ಒತ್ತಕ್ಷರಗಳಲ್ಲಿ ಆಸಕ್ತಿ ಕಡಮೆ. ‘ಚಿ. ಸೌ. … …ಮ್ಮನಿಗೆ ಸೋದರಮಾವನ ಉಡಗೊರೆ’ ಎಂದಿಷ್ಟು ಸ್ಪಷ್ಟವಾಗಿದೆ. ಹೆಸರಿನ ಮೊದಲ ಎರಡು ಅಕ್ಷರಗಳು ಅಳಿಸಿಹೋಗಿವೆ. ಅಳಿಸಿದವಳು ಆಕೆಯೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹುಣಸೆಯ ಹುಳಿಯು ಹಿತ್ತಾಳೆಯ ಮೇಲಣ ಕಪ್ಪನ್ನು ಕರಗಿಸುವುದು, ಒಲೆಯ ಬೂದಿಯು ಅದನ್ನು ತಿಕ್ಕಿ ತೆಗೆಯುವುದು. ಪ್ರತಿ ಸಲವೂ ಕಪ್ಪಿನೊಡನೆ ಲೋಹವೂ ಕೂದಲೆಳೆಯಷ್ಟು ಹೋಗುವುದು. ನಲವತ್ತು ವರ್ಷ ಹೀಗೆ ಬೆಳಗಿದರೆ ಹೆಸರು ಉಳಿಯುವ ಬಗೆ ಹೇಗೆ? ರಾಜರ ಶಾಸನಗಳನ್ನು ಶತ್ರುಗಳು ಕೆತ್ತಿ ಹಾಕಿದರು. ಈಕೆ ತನ್ನ ಶಾಸನವನ್ನು ತಾನೇ, ಪಾತ್ರೆಯು ಹೊಳೆಯಲೆಂದು, ದಿನಕ್ಕಿಷ್ಟರಂತೆ ಒರಸಿಕೊಂಡಳು. ಲುಪ್ತಾಕ್ಷರಗಳನ್ನು ಊಹಿಸುವುದು ವಿದ್ವಾಂಸನ ಧರ್ಮವಾದುದರಿಂದ ನಾನೂ ಊಹಿಸಿದೆನು. ಮೂವತ್ತೊಂದು ಹೆಸರುಗಳಾದ ಮೇಲೆ, ತುಮಕೂರು, ಗುಬ್ಬಿ, ಕುಣಿಗಲ್ ಮೂರು ತಾಲ್ಲೂಕುಗಳಲ್ಲಿ ಆ ಕಾಲದ ಹೆಂಗಸರಲ್ಲಿ ‘ಮ್ಮ’ ಎಂದು ಮುಗಿಯದವಳನ್ನು ಹುಡುಕುವುದೇ ಹೆಚ್ಚು ಸುಲಭವೆಂದು ತೋರಿ ನಿಲ್ಲಿಸಿದೆನು.

ಇಂಥ ವಸ್ತುಗಳಿಗೆ ಸಾರ್ವಜನಿಕವಾದ ಆಶ್ರಯಗಳು ಇಲ್ಲದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದವರು 1968ರಲ್ಲಿ ಏರ್ಪಡಿಸಿ ಜಯಲಕ್ಷ್ಮೀವಿಲಾಸದ ಅರಮನೆಯಲ್ಲಿಟ್ಟ ಜಾನಪದ ವಸ್ತುಸಂಗ್ರಹಾಲಯವಿದೆ. ಸರ್ಕಾರದ ದೊಡ್ಡ ಅಧಿಕಾರಿಗಳಾಗಿದ್ದ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ತೆರೆದ ಜಾನಪದ ಲೋಕವಿದೆ. ಮೊರ, ಒನಕೆ, ಕೊಳಗಗಳನ್ನು ಅವರು ಅಷ್ಟು ಅಕ್ಕರೆಯಿಂದ ಕೂಡಿಸದಿದ್ದರೆ ನಾವು ಅವುಗಳ ಹೆಸರನ್ನೂ ಮರೆಯುತ್ತಿದ್ದೆವು. ಅಲ್ಲಿ ಹೋದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುವುದು, ಬೆನ್ನ ಹಿಂದೆಯೇ ‘ಮುಟ್ಟಬೇಡಿ’ ಎಂದು ಯಾರಾದರೂ ಎನ್ನುವರೇನೋ ಎಂದು ಅಳುಕೂ ಆಗುವುದು. ನನ್ನ ಶಾಸ್ತ್ರಕ್ಕೆ ಸ್ಪರ್ಶವು ಪ್ರಮಾಣ. ಇಲ್ಲಿಯೇ ಸಂಪ್ರದಾಯಭೇದ.

ಸ್ಪರ್ಶದ ಪರಮಾವಧಿಯು ಕಲಾಯಿ. ಹಿತ್ತಾಳೆಯೆಂದರೆ ತಾಮ್ರ ಸತುವುಗಳ ಬೆರಕೆ. ಅದರಲ್ಲಿ ಮಜ್ಜಿಗೆಯನ್ನೋ ಹುಳಿಯನ್ನೋ ಇಟ್ಟರೆ ಕಿಲುಬಿಟ್ಟು ವಿಷವಾಗುವುದು. ಆದುದರಿಂದ ಒಳಮೈಗೆ ತವರದ ಹೊದಿಕೆ ಬೇಕು. ತುಮಕೂರಿನ ಒಂದು ಓಣಿಯಲ್ಲಿ ಬಹಳ ವಿಚಾರಣೆಯ ಮೇಲೆ ಸಿಕ್ಕಿದ ಕಲಾಯಿಗಾರನು ನೆಲದಲ್ಲಿ ಗುಳಿ ತೋಡಿ, ಇದ್ದಲಿನ ಮೇಲೆ ಕೊಳದಪ್ಪಲೆಯನ್ನು ವಾಲಿಸಿ, ತಿದಿಯ ಚಕ್ರವನ್ನು ತಿರುಗಿಸತೊಡಗಿದನು. ಪಾತ್ರೆಯು ಹದವಾಗಿ ಕಾದೊಡನೆ ನವಸಾಗರದ ಪುಡಿಯನ್ನು ಎರಚಿದನು. ಬಿಳಿಯ ಹೊಗೆಯೆದ್ದು ಮೂಗನ್ನು ಸುಟ್ಟಿತು. ತವರದ ಕಡ್ಡಿಯನ್ನು ಒಂದು ಸಲ ಮುಟ್ಟಿಸಿದನು. ತವರವು 232 ಡಿಗ್ರಿಯಲ್ಲಿಯೇ ಕರಗುವ ಲೋಹ, ನೀರಿನಂತೆ ಹರಿಯಿತು. ಹತ್ತಿಯ ಉಂಡೆಯನ್ನು ಹಿಡಿದು ಅದನ್ನು ಒಂದೇ ಸುತ್ತಿನಲ್ಲಿ ಒಳಮೈಯೆಲ್ಲ ಬಳಿದುಬಿಟ್ಟನು. ಕಪ್ಪು ಗುಹೆಯಂತಿದ್ದುದು, ನಾನು ರೆಪ್ಪೆಯನ್ನು ಬಡಿಯುವಷ್ಟರಲ್ಲಿ, ಹುಣ್ಣಿಮೆಯ ಕೆರೆಯಾಯಿತು. ಆ ಕ್ಷಣದ ಆನಂದವನ್ನು ಆಲಂಕಾರಿಕರು ಯಾವ ರಸದಲ್ಲಿ ಸೇರಿಸುವರೋ ನಾನರಿಯೆ. ಒಂಬತ್ತರಲ್ಲಿ ನವಸಾಗರದ ಹೊಗೆಯನ್ನು ಸಹಿಸುವ ರಸವಾವುದೂ ಇದ್ದಂತಿಲ್ಲ.

ಮನೆಯ ಬಾಗಿಲಲ್ಲಿ ಪತ್ನಿಯು ನಿಂತಿದ್ದಳು. “ಏನ್ರೀ ಇದು? ಕಾಲಿಡಕ್ಕೆ ಜಾಗ ಇಲ್ಲ ಅಂದ್ರೆ!” ಎಂಬ ಪೂರ್ವಪಕ್ಷಕ್ಕೆ ನಾನು ಶಾಸನವನ್ನು ತೋರಿಸಿ, ಇದು ಮದುವೆಯ ಉಡುಗೊರೆಯೆಂದೂ, ವಿವಾಹದ ದಿನ ಐವತ್ತು ಜನಕ್ಕೆ ಇದರಲ್ಲಿ ಅನ್ನ ಬೆಂದಿರಬೇಕೆಂದೂ ಸಿದ್ಧಾಂತವನ್ನು ಹೂಡಿದೆನು. ಸಾಕ್ಷ್ಯಕ್ಕಾಗಿ ಪಕ್ಕದ ಮನೆಯ ಅಜ್ಜಿಯನ್ನು ಕರೆದೆವು. ಆಕೆ ಅಕ್ಷರಗಳ ಕಡೆಗೆ ನೋಡಲೇ ಇಲ್ಲ. ಪಾತ್ರೆಯನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ, ನಾದವು ಅಡಗುವವರೆಗೆ ಕಿವಿಗೊಟ್ಟು, ಮಗುಚಿ ತಳವನ್ನು ಸವರಿದಳು.

“ಅನ್ನ ಎಲ್ಲಪ್ಪ ಮಾಡವ್ರೆ ಇದ್ರಲ್ಲಿ? ತಳ ನೋಡು, ಒಂದೇ ಕಡೀಕೆ ಸವೆದದೆ. ಬಚ್ಚಲೊಲೆ ಮೇಲೆ ವಾರೆಯಾಗಿ ಕೂತಿತ್ತು ಇದು. ಬಾಣಂತಿ ನೀರು ಕಾಯ್ಸಿರೋದು.”

ಸಿದ್ಧಾಂತವು ಬಿದ್ದಿತು. ನನ್ನ ಪತ್ನಿಯು ಬಂದು ಪಾತ್ರೆಯ ಅಂಚನ್ನು ಮೊದಲ ಬಾರಿಗೆ ಮುಟ್ಟಿದಳು. ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ಮೊಮ್ಮಗಳು ಹೆರಿಗೆಗೆ ಬಂದಿದ್ದಾಳೆಂದೂ, ಗೀಸರಿನ ನೀರು ನೀರಲ್ಲವೆಂದೂ ಹೇಳಿ ಅಜ್ಜಿಯು ಕೊಳದಪ್ಪಲೆಯನ್ನು ಸೊಂಟದ ಮೇಲೆ ಏರಿಸಿಕೊಂಡು ಹೊರಟೇಹೋದಳು. ಈಗಷ್ಟೇ ಕಲಾಯಿ ಹಾಕಿಸಿದುದೆಂದು ನಾನು ಕೂಗಿ ಹೇಳಿದುದು ಆಕೆಗೆ ಕೇಳಿಸಿರಲಾರದು.

ಇದು ಮೂರು ತಿಂಗಳ ಹಿಂದಿನ ಮಾತು. ಪಾತ್ರೆಯು ಬಂದಿಲ್ಲ. ಮಗುವಿನ ನಾಮಕರಣದ ಮರುದಿನ ಅಜ್ಜಿಯು ಒಂದು ಸ್ಟೀಲಿನ ಡಬ್ಬಿಯಲ್ಲಿ ಸಜ್ಜಿಗೆಯನ್ನು ಕಳುಹಿಸಿದ್ದಳು. ತೊಳೆದಿಟ್ಟ ಆ ಡಬ್ಬಿಯ ಮುಚ್ಚಳದ ಮೇಲೆ, ಪಾತ್ರೆಯಂಗಡಿಯ ವಿದ್ಯುತ್ ಕಡ್ಡಿಯಿಂದ ಗೀಚಿದ ಒಂದು ಸಾಲು ಇದೆ. ಬೆಳಕಿಗೆ ವಾಲಿಸಿ ಹಿಡಿದು ಇದೀಗ ಪಾಠವನ್ನು ಸಿದ್ಧಪಡಿಸುತ್ತಿರುವೆನು. ಇದರಲ್ಲಿಯೂ ಒತ್ತಕ್ಷರಗಳು ತಪ್ಪು.