ಕರೆಂಟು ಬಂದ ಮೇಲೆ

ಕರೆಂಟು ಹೋಗುವುದು ನಮ್ಮ ಮಲೆನಾಡಿನವರಿಗೆ ಹೊಸ ಸುದ್ದಿಯಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ಶರಾವತಿ ವಿದ್ಯುದಾಗಾರ 1035 ಮೆಗಾವಾಟ್ ತಯಾರಿಸಬಲ್ಲದು. ಅದು ನಮ್ಮ ತಲೆಯ ಮೇಲಿನ ದಪ್ಪ ತಂತಿಗಳಲ್ಲಿ ಗುಂಯ್‌ಗುಡುತ್ತ ಘಟ್ಟ ದಾಟಿ, ಬಯಲು ದಾಟಿ ಹೋಗುತ್ತದೆ. ಕೆಳಗೆ ನಾವು, ಆಷಾಢದ ಗಾಳಿಗೆ ಯಾವ ಅಕೇಶಿಯಾ ಯಾವ ಕಂಬದ ಮೇಲೆ ಒರಗಿತು ಎಂದು ಲೈನ್‌ಮನ್‌ಗೆ ಫೋನು ಮಾಡುತ್ತ ಕೂತಿರುತ್ತೇವೆ. ಹೋದ ಕರೆಂಟಿಗೆ ಕಾಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಕಲಿಯದೆ ಉಳಿದದ್ದೆಂದರೆ, ಬಂದ ಕರೆಂಟಿಗೆ ಕಾಯುವುದು.

ಮನೆಗೆ ರೌಟರ್ ಬರುವ ತನಕ ಅದರ ಅಗತ್ಯವೂ ಇರಲಿಲ್ಲ. ಬಲ್ಬು ಬಂದ ಕೂಡಲೇ ಉರಿಯುತ್ತಿತ್ತು, ಮಿಕ್ಸಿ ತಿರುಗುತ್ತಿತ್ತು. 2020ರ ಕೊರೊನಾ ಕಾಲದಲ್ಲಿ ಬೆಂಗಳೂರಿನ ಮಕ್ಕಳೆಲ್ಲ ಲ್ಯಾಪ್‌ಟಾಪು ಹಿಡಿದು ಊರಿಗೆ ಬಂದರಲ್ಲ, ಅವರ ಹಿಂದೆಯೇ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಜೋತುಬೀಳುತ್ತ ಫೈಬರ್ ಕೇಬಲ್ಲೂ ಬಂತು. ಅಲ್ಲಿಂದ ಹೊಸ ಸಂಕಟ ಶುರುವಾಯಿತು. ಫ್ಯಾನು ತಿರುಗುತ್ತಿದೆ, ಫ್ರಿಜ್ಜು ಗುರುಗುಟ್ಟುತ್ತಿದೆ. ಮಗ ಮಾತ್ರ ಮಹಡಿಯಿಂದ ಕೂಗುತ್ತಾನೆ: "ಅಪ್ಪಾ, ಕರೆಂಟು ಬಂತಲ್ಲ, ನೆಟ್ ಎಲ್ಲಿ?" ನೆಟ್ಟನ್ನು ನಾನೇ ತೋಟದಲ್ಲಿ ಎಲ್ಲೋ ಬಿಟ್ಟುಬಂದೆನೇನೋ ಎಂಬ ಧ್ವನಿ.

ಇನ್ವರ್ಟರ್ ಇದ್ದವರಿಗಾದರೂ ಸುಖವಿದೆಯೇ ಎಂದರೆ, ಅದರ ಕಥೆ ಬೇರೆ. ಕರೆಂಟು ಹೋಗಿ ಇನ್ವರ್ಟರ್ ಕೈಗೆತ್ತಿಕೊಳ್ಳುವ ನಡುವಿನ ಚೂರು ಹೊತ್ತಿನಲ್ಲಿ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮಿಟುಕಿಸಿದರೆ, ರೌಟರ್ ಜೀವವನ್ನೇ ಬಿಟ್ಟು ಮರುಜನ್ಮ ಪಡೆಯುತ್ತದೆ. ಇನ್ವರ್ಟರಿನ ಹಿಂಭಾಗದಲ್ಲಿ ಯುಪಿಎಸ್ ಎಂಬ ಗುಂಡಿಯಿದ್ದರೆ ಅದನ್ನು ಒತ್ತಿಡಬೇಕು. ಆಗ ಬದಲಾವಣೆ ಬೇಗ ಆಗಿ ರೌಟರಿಗೆ ಗೊತ್ತೇ ಆಗುವುದಿಲ್ಲ. ಇದರಲ್ಲಿ ನಗು ಬರಿಸುವ ಇನ್ನೊಂದು ಸಂಗತಿಯಿದೆ. ಇನ್ವರ್ಟರಿನ ಬ್ಯಾಟರಿ 12 ವೋಲ್ಟಿನದು. ಬಹುಪಾಲು ರೌಟರುಗಳಿಗೆ ಬೇಕಾದದ್ದೂ 12 ವೋಲ್ಟೇ. ಆದರೆ ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರ್ ಕಷ್ಟಪಟ್ಟು 230ಕ್ಕೆ ಏರಿಸುತ್ತದೆ, ಗೋಡೆಯ ಇನ್ನೊಂದು ತುದಿಯಲ್ಲಿ ಅಡಾಪ್ಟರ್ ಅದನ್ನು ಅಷ್ಟೇ ಕಷ್ಟಪಟ್ಟು 12ಕ್ಕೆ ಇಳಿಸುತ್ತದೆ. ಈ ಏರಾಟ ಇಳಿದಾಟ ಬೇಡವೆಂದೇ ಈಗ ಅಂಗೈಯಗಲದ ಮಿನಿ ಯುಪಿಎಸ್ ಬಂದಿದೆ. ಅದು ತನ್ನ 12 ವೋಲ್ಟನ್ನು ನೇರವಾಗಿ ರೌಟರಿನ ಬಾಯಿಗೆ ಹಾಕುತ್ತದೆ.

ರೌಟರಿನ ದೀಪಗಳನ್ನು ಓದುವುದರಲ್ಲಿ ಈಗ ನಮ್ಮೂರಿನವರೆಲ್ಲ ಪಂಡಿತರು. ಎಲ್‌ಒಎಸ್ ಎಂಬಲ್ಲಿ ಕೆಂಪು ಕಂಡರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಮಾಡಬೇಕಾದದ್ದು ಬೇಲಿಯ ಹತ್ತಿರ ಹೋಗಿ ಒಂದು ಕೂಗು ಹಾಕುವುದು.

"ಭಟ್ರೇ, ನಿಮ್ಮದು ಕೆಂಪಾ, ಹಸಿರಾ?"

"ಕೆಂಪು ಮಾರಾಯ್ರೇ!"

ಈ ಉತ್ತರ ಬಂದರೆ ಮನಸ್ಸಿಗೆ ನೆಮ್ಮದಿ. ತೊಂದರೆ ಊರಿಗೆಲ್ಲ ಇದೆ. ದಾರಿಯ ದೊಡ್ಡ ಕೇಬಲ್ ತುಂಡಾಗಿದೆ, ಇಲ್ಲವೇ ಪೇಟೆಯಲ್ಲಿ ಕೇಬಲ್‌ನವರ ಯಂತ್ರಕ್ಕೇ ಕರೆಂಟಿಲ್ಲ. ಭಟ್ಟರದ್ದು ಹಸಿರಾಗಿದ್ದು ನಮ್ಮದು ಮಾತ್ರ ಕೆಂಪಾಗಿದ್ದರೆ, ನಮ್ಮ ತೋಟದ ಕೇಬಲ್ಲಿನ ಮೇಲೇ ಸೋಗೆ ಬಿದ್ದಿದೆ ಎಂದು ದೋಟಿ ಹಿಡಿದು ಹೊರಡಬೇಕು.

ಪಾನ್ ಎಂಬ ದೀಪ ಹಸಿರಾಗಿ ಮಿಣುಕುತ್ತಿದ್ದರೆ ಮುಟ್ಟಬಾರದು. ಒಂದೇ ಫೈಬರ್ ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಕರೆಂಟು ಬಂದ ಕ್ಷಣ ಅಷ್ಟೂ ಮನೆಗಳ ಪೆಟ್ಟಿಗೆಗಳು ಒಟ್ಟಿಗೆ ಎದ್ದು, ಪೇಟೆಯ ದೊಡ್ಡ ಯಂತ್ರಕ್ಕೆ ಹಾಜರಿ ಹೇಳಬೇಕು. ಎಲ್ಲರೂ ಒಮ್ಮೆಲೇ ಬಾಯಿ ತೆರೆದರೆ ಯಾರ ಮಾತೂ ಕೇಳದು. ಅದಕ್ಕೆ ಪ್ರತಿ ಪೆಟ್ಟಿಗೆಯೂ ತನಗೆ ತೋಚಿದಷ್ಟು ಚೂರು ಹೊತ್ತು ತಡೆದು ತನ್ನ ಗುರುತು ಹೇಳುತ್ತದೆ. ಇನ್ನೊಬ್ಬರ ಮಾತಿಗೆ ಡಿಕ್ಕಿಯಾದರೆ ಮುಂದಿನ ಕರೆಗೆ ಕಾಯುತ್ತದೆ. ನಮ್ಮ ಗ್ರಾಮಸಭೆಯಲ್ಲಿ ಈ ಶಿಸ್ತು ಕಂಡದ್ದಿಲ್ಲ. ಆದರೆ ಮನೆಯವರು ಬಿಡಬೇಕಲ್ಲ. ಹಾಜರಿ ಹೇಳುವಷ್ಟರಲ್ಲಿ ಯಾರೋ ಬಂದು "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡುವ" ಎಂದು ಸ್ವಿಚ್ಚು ಒತ್ತುತ್ತಾರೆ. ಪಾಪ, ಅದು ಮತ್ತೆ ಮೊದಲಿನಿಂದ ಎದ್ದು ಕೂರಬೇಕು.

ಎದ್ದದ್ದಕ್ಕೆ ಇಂದು ಯಾವ ದಿನವೆಂಬುದೂ ಗೊತ್ತಿರುವುದಿಲ್ಲ. ಹಲವು ರೌಟರುಗಳಲ್ಲಿ ಗಡಿಯಾರ ನಡೆಸಿಕೊಂಡು ಹೋಗುವ ಬ್ಯಾಟರಿ ಇಲ್ಲ. ಅವುಗಳ ಲೆಕ್ಕದಲ್ಲಿ ಪ್ರತಿ ಸಲ ಎದ್ದಾಗಲೂ 1970ರ ಜನವರಿ 1. ನೆಟ್ ಸಿಕ್ಕಿದ ಮೇಲೆ ಯಾರನ್ನೋ ಕೇಳಿ ಅರ್ಧ ಶತಮಾನವನ್ನು ಒಂದೇ ನೆಗೆತಕ್ಕೆ ದಾಟುತ್ತವೆ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಜಗಲಿಯಲ್ಲಿ ಕೂರುತ್ತಿದ್ದ ಕಾಲದಿಂದ ಮಗನ ವಿಡಿಯೋ ಮೀಟಿಂಗಿನ ತನಕ ಬರಲು ಅದು ಒಂದೆರಡು ನಿಮಿಷ ಕೇಳಿದರೆ ಹೆಚ್ಚಾಯಿತೇ?

ಅವಸರದ ಪರಮಾವಧಿಯೆಂದರೆ ಸೇಫ್ಟಿ ಪಿನ್ನು. ರೌಟರಿನ ಹಿಂದಿನ ಸಣ್ಣ ತೂತಿನಲ್ಲಿ ರಿಸೆಟ್ ಗುಂಡಿ ಇರುತ್ತದೆ. ಹಬ್ಬಕ್ಕೆ ಬಂದ ಭಟ್ಟರ ಅಳಿಯ "ಇದೆಲ್ಲ ನನಗೆ ಬಿಡಿ ಮಾವಾ" ಎಂದು ಪಿನ್ನು ತೂರಿಸಿ ಹತ್ತು ಎಣಿಸಿದ. ಪೆಟ್ಟಿಗೆ ಕಾರ್ಖಾನೆಯಿಂದ ಹೊರಟ ದಿನಕ್ಕೆ ಮರಳಿತು. ವೈಫೈ ಹೆಸರು, ಪಾಸ್‌ವರ್ಡ್, ಕೇಬಲ್ ಹುಡುಗ ಬರೆದಿಟ್ಟ ಲಾಗಿನ್, ಎಲ್ಲ ತೊಳೆದುಹೋಯಿತು. ಮಾವ ಏನೂ ಅನ್ನಲಿಲ್ಲ. ಅಳಿಯನಲ್ಲವೇ, ಇನ್ನೊಂದು ಹೋಳಿಗೆ ಬಡಿಸಿದರು.

ಲೈನ್‌ಮನ್ ಒಮ್ಮೆ ಹೇಳಿದ ಮಾತಿದೆ: "ಕರೆಂಟು ಹೋದದ್ದರಿಂದ ಏನೂ ಕೆಡೂದಿಲ್ಲ ಸಾರ್, ಬರೂದರಿಂದ ಕೆಡ್ತದೆ." ಸುಳ್ಳಲ್ಲ. ಬರುವಾಗ ಅದು ನೆಟ್ಟಗೆ ಬರುವುದಿಲ್ಲ. ಬಂದು ಹೋಗಿ, ಏರಿ ಇಳಿದು ಬರುತ್ತದೆ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಿದ್ದರೆ 230 ಇರಬೇಕಾದಲ್ಲಿ 400ರ ಹತ್ತಿರಕ್ಕೂ ಏರೀತು. ಫೈಬರ್ ಬರೀ ಗಾಜಿನೆಳೆ. ಹಿಂದೆ ಟೆಲಿಫೋನಿನ ತಾಮ್ರದ ತಂತಿಯಲ್ಲಿ ಸಿಡಿಲು ಒಳಬಂದು ಮೋಡೆಮ್ ಸುಡುತ್ತಿದ್ದಂತೆ ಆ ಎಳೆಯಲ್ಲಿ ಬರಲಾರದು. ಪ್ಲಗ್ಗಿನ ದಾರಿ ಮಾತ್ರ ಈಗಲೂ ತೆರೆದೇ ಇದೆ. ಮೊದಲು ಸಾಯುವುದೂ ಅಡಾಪ್ಟರೇ. ಅದರ ದೀಪ ಉರಿಯುತ್ತಲೇ ಇರುತ್ತದೆ, ಒಳಗೆ ಕಪಾಸಿಟರ್ ಉಬ್ಬಿ ಬಲ ಹೋಗಿರುತ್ತದೆ. ರೌಟರ್ ಎದ್ದು ಬಿದ್ದು ಎದ್ದು ಬಿದ್ದು ಮಾಡುತ್ತದೆ. ನಾವು ಕೇಬಲ್‌ನವರನ್ನು ಬೈಯುತ್ತೇವೆ.

ಹಾಗಾಗಿ ನಮ್ಮಲ್ಲಿ ಈಗೊಂದು ಕಟ್ಟಳೆ. ಕರೆಂಟು ಹೋದರೆ ರೌಟರಿನ ಪ್ಲಗ್ಗು ಕೀಳುವುದು. ಬಂದ ಮೇಲೆ ಕಾಫಿಗಿಟ್ಟು, ಕುಡಿದು, ಲೋಟ ತೊಳೆದಿಟ್ಟು, ಆಗ ಸಿಕ್ಕಿಸುವುದು. ವೋಲ್ಟೇಜು ಅಷ್ಟರಲ್ಲಿ ಹದಕ್ಕೆ ಬಂದಿರುತ್ತದೆ, ಪೇಟೆಯ ಯಂತ್ರವೂ ಎದ್ದಿರುತ್ತದೆ, ಮಗನ ಸಿಟ್ಟೂ ಇಳಿದಿರುತ್ತದೆ. ರೌಟರ್ ಒಂದು ಮಾತಾಡದೆ ಹಸಿರು ತೋರಿಸುತ್ತದೆ. ಕಟ್ಟಳೆಯಲ್ಲಿ ಕೊರತೆ ಒಂದೇ: ಮಳೆಗಾಲದ ತಿಂಗಳುಗಳಲ್ಲಿ ಕಾಫಿಪುಡಿಯ ಖರ್ಚು ನೆಟ್ಟಿನ ಬಿಲ್ಲನ್ನು ದಾಟುತ್ತಿದೆ.